ಹಾರ್ಟ್ ಆಪರೇಷನ್ ನಂತರ ಶ್ವಾಸಕೋಶ ಕಾಯುವ ರಕ್ತ ಪರೀಕ್ಷೆಗಳು: ಐಸಿಯು ನರ್ಸ್ ಒಬ್ಬಳ ವಿಮರ್ಶೆ

ಹಾರ್ಟ್ ಆಪರೇಷನ್ ಆದವರನ್ನು ಥಿಯೇಟರ್‌ನಿಂದ ನೇರವಾಗಿ ತಂದು ಮಲಗಿಸುವ ಐಸಿಯುನಲ್ಲಿ ನಾನು ನರ್ಸ್. ರಕ್ತ ತೆಗೆಯುವವಳು ನಾನು, ಸ್ಯಾಂಪಲ್ ಕಳಿಸುವವಳು ನಾನು, ರಿಪೋರ್ಟ್ ಬಂತಾ ಅಂತ ಲ್ಯಾಬ್‌ಗೆ ಫೋನ್ ಮಾಡುವವಳೂ ನಾನೇ. ಆಪರೇಷನ್ ನಂತರ ಯಾರ ಶ್ವಾಸಕೋಶ ಕೈಕೊಡಬಹುದು ಅಂತ ಮೊದಲೇ ಹೇಳುತ್ತೇವೆ ಅನ್ನುವ ರಕ್ತ ಪರೀಕ್ಷೆಗಳು ಈಗ ಬಹಳ ಇವೆ. ಅವುಗಳಲ್ಲಿ ಯಾವುದು ನಿಜವಾಗಿ ಕೆಲಸಕ್ಕೆ ಬರುತ್ತದೆ ಅಂತ ಬರೆಯುವ ಆಸೆ ನನಗೆ ತುಂಬಾ ದಿನದಿಂದ ಇತ್ತು.

ನನ್ನ ಅಳತೆ ಸರಳ. ಹಾಸಿಗೆ ಪಕ್ಕ ನಿಂತರೆ ಕಾಣದ ಸಂಗತಿಯನ್ನು ಟೆಸ್ಟ್ ಹೇಳಬೇಕು. ನಾವು ಏನಾದರೂ ಮಾಡಲು ಇನ್ನೂ ಸಮಯ ಇರುವಾಗಲೇ ಹೇಳಬೇಕು. ಟೆಸ್ಟ್ ಹೊಸದೋ ಹಳೆಯದೋ ಅನ್ನುವುದು ನನಗೆ ಮುಖ್ಯ ಅಲ್ಲ.

ಆಪರೇಷನ್ ಹೃದಯದ್ದು, ಪೆಟ್ಟು ಶ್ವಾಸಕೋಶಕ್ಕೆ ಯಾಕೆ ಅಂತ ಮನೆಯವರು ಕೇಳುತ್ತಾರೆ. ಇದು ಗೊತ್ತಾಗದೆ ಟೆಸ್ಟ್‌ಗಳು ಅರ್ಥ ಆಗುವುದಿಲ್ಲ, ಅದಕ್ಕೇ ಸ್ವಲ್ಪ ಹೇಳುತ್ತೇನೆ. ಹೆಚ್ಚಿನ ಹಾರ್ಟ್ ಆಪರೇಷನ್‌ಗಳು ಹಾರ್ಟ್-ಲಂಗ್ ಮೆಷಿನ್ ಮೇಲೆ ನಡೆಯುತ್ತವೆ. 1953ರ ಮೇ 6ರಂದು ಜಾನ್ ಗಿಬ್ಬನ್ ಮೊದಲ ಬಾರಿ ಇಂಥ ಯಂತ್ರ ಬಳಸಿ ಹೃದಯದ ಆಪರೇಷನ್ ಮಾಡಿ ಗೆದ್ದರು. ಯಂತ್ರ ಓಡುವಾಗ ಹೃದಯ ನಿಂತಿರುತ್ತದೆ. ವೆಂಟಿಲೇಟರನ್ನೂ ಸಾಮಾನ್ಯವಾಗಿ ನಿಲ್ಲಿಸಿರುತ್ತಾರೆ, ಇಲ್ಲವೇ ತುಂಬಾ ಕಡಿಮೆ ಮಾಡಿರುತ್ತಾರೆ. ಶ್ವಾಸಕೋಶ ಗಾಳಿ ಇಲ್ಲದೆ ಕುಗ್ಗುತ್ತದೆ. ಅದಕ್ಕೆ ಬರುವ ದೊಡ್ಡ ರಕ್ತನಾಳದ ಹರಿವು ಬಹುತೇಕ ನಿಲ್ಲುತ್ತದೆ. ಇತ್ತ ಮೈಯ ರಕ್ತವೆಲ್ಲ ಪ್ಲಾಸ್ಟಿಕ್ ಕೊಳವೆಗಳಲ್ಲಿ ಸುತ್ತುತ್ತದೆ. ಆ ಪ್ಲಾಸ್ಟಿಕ್ ತಗುಲಿ ಬಿಳಿ ರಕ್ತಕಣಗಳು ಕೆರಳುತ್ತವೆ. ಯಂತ್ರ ನಿಂತು ಶ್ವಾಸಕೋಶಕ್ಕೆ ಮತ್ತೆ ರಕ್ತ ಹರಿದಾಗ, ಆ ಕಣಗಳು ಅಲ್ಲಿನ ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಸುತ್ತಲಿನ ಗೋಡೆಗೆ ಹಾನಿ ಮಾಡುತ್ತವೆ. ನಾಳಗಳಿಂದ ನೀರು ಸೋರುತ್ತದೆ.

ಇದರ ಮೇಲೆ ಎದೆಮೂಳೆ ಸೀಳಿದ ನೋವು. ಆಳವಾಗಿ ಉಸಿರು ಎಳೆದರೆ ನೋವು, ಕೆಮ್ಮಿದರೆ ನೋವು. ಕೆಮ್ಮದಿದ್ದರೆ ಕಫ ಒಳಗೇ ಉಳಿಯುತ್ತದೆ. ಎದೆಯ ಒಳಗೋಡೆಯ ಎಡ ರಕ್ತನಾಳವನ್ನು ಬಿಡಿಸಿ ಹೃದಯಕ್ಕೆ ಜೋಡಿಸಿದ್ದರೆ ಎಡಗಡೆ ನೀರು ತುಂಬುವುದು ಸಾಮಾನ್ಯ.

ಅಂದರೆ ಸ್ವಲ್ಪ ಮಟ್ಟಿನ ತೊಂದರೆ ಹೆಚ್ಚುಕಡಿಮೆ ಎಲ್ಲರಿಗೂ ಇರುತ್ತದೆ. ಎಲ್ಲರಿಗೂ ಉರಿಯೂತ, ಎಲ್ಲರ ಎಕ್ಸ್‌ರೇಯಲ್ಲೂ ಕೆಳಗೆ ಒಂದಿಷ್ಟು ಮಬ್ಬು. ನಮಗೆ ಬೇಕಾಗಿರುವುದು ಬೇರೆ. ಇವರಲ್ಲಿ ಯಾರಿಗೆ ನ್ಯುಮೋನಿಯಾ ಆಗುತ್ತದೆ? ಯಾರು 24 ಗಂಟೆ ದಾಟಿದರೂ ವೆಂಟಿಲೇಟರ್ ಮೇಲೇ ಉಳಿಯುತ್ತಾರೆ? ಉಸಿರಾಟದ ಟ್ಯೂಬ್ ತೆಗೆದ ಮೇಲೆ ಯಾರಿಗೆ ಮತ್ತೆ ಹಾಕಬೇಕಾಗುತ್ತದೆ? ಶ್ವಾಸಕೋಶದಲ್ಲೆಲ್ಲ ನೀರು ಸೋರಿ ರಕ್ತಕ್ಕೆ ಆಕ್ಸಿಜನ್ ಸೇರದ, ಎಆರ್‌ಡಿಎಸ್ ಅನ್ನುವ ಭಯಂಕರ ಸ್ಥಿತಿಗೆ ಯಾರು ಜಾರುತ್ತಾರೆ? ಎಲ್ಲರಲ್ಲೂ ಏರುವ ಸಂಖ್ಯೆ ಈ ಪ್ರಶ್ನೆಗಳಿಗೆ ಉತ್ತರ ಕೊಡಲಾರದು.

ಅದಕ್ಕೇ ಸಿಆರ್‌ಪಿಯಿಂದ, ಅಂದರೆ ಸಿ-ರಿಯಾಕ್ಟಿವ್ ಪ್ರೋಟೀನ್‌ನಿಂದ ಶುರು ಮಾಡುತ್ತೇನೆ. 1930ರಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಇದನ್ನು ಗುರುತಿಸಿದ್ದು ನ್ಯುಮೋನಿಯಾ ರೋಗಿಗಳ ರಕ್ತದಲ್ಲೇ. ಹಾಗಾಗಿ ಶ್ವಾಸಕೋಶಕ್ಕೆ ಇದೇ ಸರಿಯಾದ ಟೆಸ್ಟ್ ಅನ್ನಿಸಬಹುದು. ಆದರೆ ಆಪರೇಷನ್ ಆದ ಮೊದಲ ಮೂರು ದಿನ ಇದರಿಂದ ನನಗೆ ಏನೂ ತಿಳಿಯುವುದಿಲ್ಲ. ಉರಿಯೂತದ ಸುದ್ದಿ ಸಿಕ್ಕಿದರೆ ಸಾಕು, ಲಿವರ್ ಸಿಆರ್‌ಪಿ ತಯಾರಿಸುತ್ತದೆ. ಮೂಳೆ ಸೀಳಿದ್ದಕ್ಕೂ ತಯಾರಿಸುತ್ತದೆ, ಕಾಲಿನಿಂದ ರಕ್ತನಾಳ ತೆಗೆದದ್ದಕ್ಕೂ ತಯಾರಿಸುತ್ತದೆ. ಎರಡನೇ ಮೂರನೇ ದಿನಕ್ಕೆ ತುತ್ತತುದಿ ಮುಟ್ಟುತ್ತದೆ. ಆರಾಮಾಗಿ ಕೂತು ಮಾತಾಡುತ್ತಿರುವವರಲ್ಲೂ ಮಾಮೂಲಿನ ಹತ್ತಾರು ಪಟ್ಟು ಇರುತ್ತದೆ.

ಈ ಸಂಖ್ಯೆ ಮನೆಯವರ ಮೊಬೈಲ್‌ಗೆ ಹೋಗಿಬಿಡುತ್ತದೆ. ಒಬ್ಬರ ಮಗ ಬಾಗಿಲಲ್ಲೇ ನನ್ನನ್ನು ತಡೆದು ಕೇಳಿದ್ದರು.

"ಸಿಸ್ಟರ್, ಅಪ್ಪಂಗೆ ಸಿಆರ್‌ಪಿ ನೂರಾ ಎಂಬತ್ತು ತೋರಿಸ್ತಿದೆ. ಐದರ ಒಳಗೆ ಇರಬೇಕು ಅಂತ ಪಕ್ಕದಲ್ಲೇ ಬರೆದಿದೆ. ಸೋಂಕು ಎಲ್ಲಾ ಕಡೆ ಹರಡಿದೆಯಾ?"

"ಇಲ್ಲ ಸರ್. ಐದು ಅನ್ನೋದು ಆಪರೇಷನ್ ಆಗದೇ ಇರೋವ್ರಿಗೆ. ಎರಡನೇ ದಿನ ಎಲ್ಲರಿಗೂ ಇಷ್ಟು ಏರುತ್ತೆ. ನಾಲ್ಕನೇ ದಿನದಿಂದ ಇಳಿಯುತ್ತಾ ಅಂತ ನೋಡೋಣ."

ರಿಪೋರ್ಟ್ ಹಾಳೆಯಲ್ಲಿ ಕೆಂಪು ಅಕ್ಷರದಲ್ಲಿ ಬರುವ ಆ ಸಂಖ್ಯೆ ಎಷ್ಟು ಜನರ ನಿದ್ದೆ ಕೆಡಿಸಿದೆ ಅಂತ ನಾನು ನೋಡಿದ್ದೇನೆ. ಆಪರೇಷನ್ ಆದವರಿಗೆ ಬೇರೆಯದೇ ಮಿತಿಯನ್ನು ಪಕ್ಕದಲ್ಲಿ ಅಚ್ಚು ಹಾಕಿದರೆ ಎಷ್ಟು ಒಳ್ಳೆಯದು, ಅಲ್ವಾ? ಇನ್ನು ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಕೊಟ್ಟಿದ್ದರೆ ಸಿಆರ್‌ಪಿ ಏರುವುದೇ ಕಡಿಮೆ. ಅದನ್ನು ನೋಡಿ ಸಮಾಧಾನ ಪಡುವ ಹಾಗೂ ಇಲ್ಲ. ಇಳಿಯುತ್ತಿದ್ದದ್ದು ಐದನೇ ದಿನ ಮತ್ತೆ ಏರಿದರೆ ಮಾತ್ರ ನಾನು ತಲೆ ಎತ್ತಿ ನೋಡುತ್ತೇನೆ. ಮೊದಲ ಮೂರು ದಿನಕ್ಕೆ ಐದಕ್ಕೆ ಒಂದು ಅಂಕ. ಆಮೇಲೆ ಮೂರು.

ಪ್ರೊಕ್ಯಾಲ್ಸಿಟೋನಿನ್ ವಿಷಯಕ್ಕೆ ಬಂದರೆ ನನ್ನ ದನಿ ಬದಲಾಗುತ್ತದೆ. ಮಾಮೂಲಾಗಿ ಇದು ಥೈರಾಯ್ಡ್ ಗ್ರಂಥಿ ತಯಾರಿಸುವ ಕ್ಯಾಲ್ಸಿಟೋನಿನ್ ಹಾರ್ಮೋನಿನ ಹಿಂದಿನ ರೂಪ. ಬ್ಯಾಕ್ಟೀರಿಯಾ ಸೋಂಕು ಜೋರಾದಾಗ ಮೈಯ ಬೇರೆ ಬೇರೆ ಅಂಗಗಳೂ ಇದನ್ನು ರಕ್ತಕ್ಕೆ ಬಿಡುತ್ತವೆ. ಸೋಂಕಿನಲ್ಲಿ ಇದು ಏರುತ್ತದೆ ಅಂತ 1993ರಲ್ಲಿ ಪ್ರಕಟವಾದ ಮೇಲೆ ಜಗತ್ತಿನ ಐಸಿಯುಗಳಿಗೆ ಬಂತು. ಇದೂ ಹಾರ್ಟ್ ಆಪರೇಷನ್ ಆದ ಮೇಲೆ ಸೋಂಕಿಲ್ಲದೇ ಸ್ವಲ್ಪ ಏರುತ್ತದೆ. ಆದರೆ ಸುಮಾರು 24 ಗಂಟೆ ಹೊತ್ತಿಗೆ ತುದಿ ಮುಟ್ಟಿ ಇಳಿಯಲು ಶುರು ಮಾಡುತ್ತದೆ. ಹೊಸದಾಗಿ ಬರದಿದ್ದರೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಆಗುತ್ತಾ ಹೋಗುತ್ತದೆ. ನನಗೆ ಬೇಕಾಗಿರುವುದು ಈ ಇಳಿತವೇ.

ಒಬ್ಬರಿಗೆ ಕವಾಟದ ಆಪರೇಷನ್ ಆಗಿತ್ತು. ಮೂರನೇ ದಿನ ಬೆಳಿಗ್ಗೆ ಸಣ್ಣ ಜ್ವರ, ಸಿಆರ್‌ಪಿ ತುಂಬಾ ಜಾಸ್ತಿ, ಎಕ್ಸ್‌ರೇಯಲ್ಲಿ ಎಡಗಡೆ ಕೆಳಗೆ ಬಿಳಿ. ಇನ್ನೊಂದು ಆಂಟಿಬಯೋಟಿಕ್ ಶುರು ಮಾಡೋಣವಾ ಅಂತ ರೌಂಡ್ಸ್‌ನಲ್ಲಿ ಮಾತು ನಡೆಯುತ್ತಿತ್ತು. ಪ್ರೊಕ್ಯಾಲ್ಸಿಟೋನಿನ್ ಮೊದಲ ದಿನ ಮೂರರ ಹತ್ತಿರ, ಎರಡನೇ ದಿನ ಒಂದೂವರೆ, ಅಂದು ಬೆಳಿಗ್ಗೆ ಮುಕ್ಕಾಲು. ಮನುಷ್ಯರೂ ಚೆನ್ನಾಗಿದ್ದರು. ಡಾಕ್ಟರ್ ಕಾಯೋಣ ಅಂದರು. ಅವರನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿ, ದಿಂಬನ್ನು ಎದೆಗೆ ಅಪ್ಪಿಸಿ ಕೆಮ್ಮಿಸಿದೆವು. ಕಫ ಬಂತು, ಆ ಬಿಳಿ ಭಾಗ ತೆರೆದುಕೊಂಡಿತು. ಮುಚ್ಚಿಕೊಂಡಿದ್ದ ಶ್ವಾಸಕೋಶವೇ ಹೊರತು ನ್ಯುಮೋನಿಯಾ ಆಗಿರಲಿಲ್ಲ.

ಇನ್ನೊಬ್ಬ ಅಮ್ಮನ ಕಥೆ ಉಲ್ಟಾ. ಜ್ವರ ಇಲ್ಲ, ಹೆಚ್ಚು ಕಫ ಇಲ್ಲ. ಆದರೆ ಎರಡನೇ ದಿನ ಇಳಿದಿದ್ದ ಪ್ರೊಕ್ಯಾಲ್ಸಿಟೋನಿನ್ ಮೂರನೇ ಬೆಳಿಗ್ಗೆ ಹಲವು ಪಟ್ಟು ಏರಿತ್ತು. ಕಿಡ್ನಿ ರಿಪೋರ್ಟ್ ಸರಿಯಿತ್ತು, ಬಿಪಿ ಸರಿಯಿತ್ತು. ಕಫದ ಸ್ಯಾಂಪಲ್ ಕಳಿಸಿದೆವು, ಅಲ್ಟ್ರಾಸೌಂಡ್ ಹಿಡಿದು ನೋಡಿದರು. ಬಲಗಡೆ ಶ್ವಾಸಕೋಶ ಕೆಳಗೆ ಗಟ್ಟಿಯಾಗುತ್ತಿತ್ತು. ಸಂಜೆ ಹೊತ್ತಿಗೆ ಉಸಿರಾಟ ಜೋರಾಯಿತು. ಅಷ್ಟರಲ್ಲಿ ಔಷಧ ಶುರುವಾಗಿತ್ತು. ಅವರಿಗೆ ಮತ್ತೆ ಟ್ಯೂಬ್ ಹಾಕಬೇಕಾಗಲಿಲ್ಲ. ಹಾಸಿಗೆ ಪಕ್ಕ ನಿಂತಿದ್ದ ನನಗೆ ಕಾಣದ್ದನ್ನು ಆ ಟೆಸ್ಟ್ ಅರ್ಧ ದಿನ ಮೊದಲೇ ತೋರಿಸಿತು. ನಾನು ಇದನ್ನು ಮೆಚ್ಚುವುದು ಅದಕ್ಕೇ.

ಕಿಡ್ನಿ ಮತ್ತು ಬಿಪಿ ಸರಿಯಿತ್ತು ಅಂತ ಸುಮ್ನೆ ಹೇಳಲಿಲ್ಲ. ಕಿಡ್ನಿ ಸೋತರೆ, ಹೃದಯದ ಪಂಪ್ ಸೋತು ಬಿಪಿ ಕುಸಿದು ಶಾಕ್ ಆದರೆ, ಸೋಂಕೇ ಇಲ್ಲದೆ ಪ್ರೊಕ್ಯಾಲ್ಸಿಟೋನಿನ್ ಬಹಳ ಏರಬಹುದು. ಅಂಥವರಲ್ಲಿ ಇದನ್ನು ಶ್ವಾಸಕೋಶದ ಲೆಕ್ಕಕ್ಕೆ ಹಿಡಿಯಬಾರದು. ಒಂಟಿ ಸಂಖ್ಯೆಯನ್ನೂ ನಂಬಬಾರದು. ಮೊದಲ ದಿನದ್ದು ಇಲ್ಲದೆ ಮೂರನೇ ದಿನದ್ದೊಂದನ್ನೇ ಕೈಗೆ ಕೊಟ್ಟರೆ ಅರ್ಧ ಪುಸ್ತಕ ಓದಿದ ಹಾಗೆ. ಸೋಂಕಿನಿಂದ ಅಂಗಗಳೇ ಸೋಲುವ ಸೆಪ್ಸಿಸ್ ಬಗ್ಗೆ ಬಂದ 2021ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಆಂಟಿಬಯೋಟಿಕ್ ಶುರು ಮಾಡಲು ಇದನ್ನು ನೆಚ್ಚಬೇಡಿ ಅನ್ನುತ್ತದೆ. ನಿಲ್ಲಿಸಲು ಬಳಸಬಹುದು ಅನ್ನುತ್ತದೆ. ತುದಿಯಿಂದ ಶೇಕಡಾ 80 ಇಳಿದರೆ ಅಥವಾ ಮಿಲಿಲೀಟರ್‌ಗೆ 0.5 ನ್ಯಾನೋಗ್ರಾಂ ಮುಟ್ಟಿದರೆ ನಿಲ್ಲಿಸುವ ಯೋಚನೆ ಮಾಡಿ ಅನ್ನುವ ನಿಯಮವನ್ನು ನೆದರ್‌ಲ್ಯಾಂಡ್ಸ್‌ನ ದೊಡ್ಡ ಅಧ್ಯಯನವೊಂದು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿತು. ಆ ಅಮ್ಮನಿಗೂ ಔಷಧ ಶುರುವಾದದ್ದು ಅಲ್ಟ್ರಾಸೌಂಡ್ ನೋಡಿದ ಮೇಲೆ. ಎಲ್ಲಿ ನೋಡಬೇಕು, ಯಾವಾಗ ನೋಡಬೇಕು ಅಂತ ಟೆಸ್ಟ್ ಹೇಳಿತು, ಅಷ್ಟೇ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ.

ಇಲ್ಲಿ ಒಂದು ಲೆಕ್ಕ ಹೇಳಲೇಬೇಕು. ಯಾವುದೋ ಟೆಸ್ಟ್ ಶೇಕಡಾ 80 ಸರಿ ಅಂತ ಕೇಳಿದರೆ ತುಂಬಾ ಚೆನ್ನಾಗಿದೆ ಅನ್ನಿಸುತ್ತದೆ. 100 ಜನರಿಗೆ ಆಪರೇಷನ್ ಆಯಿತು, ಅವರಲ್ಲಿ 10 ಜನರಿಗೆ ಶ್ವಾಸಕೋಶದ ತೊಂದರೆ ಬರುತ್ತದೆ ಅಂದುಕೊಳ್ಳಿ. ಆ 10ರಲ್ಲಿ 8 ಜನರನ್ನು ಟೆಸ್ಟ್ ಹಿಡಿಯುತ್ತದೆ. ತೊಂದರೆ ಬಾರದ 90 ಜನರಲ್ಲಿ 72 ಜನರನ್ನು ಸರಿ ಇದ್ದಾರೆ ಅನ್ನುತ್ತದೆ, ಉಳಿದ 18 ಜನರ ಮೇಲೂ ಕೆಂಪು ಬಾವುಟ ಹಾರಿಸುತ್ತದೆ. ಒಟ್ಟು 26 ಬಾವುಟ, ನಿಜವಾದದ್ದು 8. ಇನ್ನೊಂದು ಕಡೆ, 'ಇಲ್ಲ' ಅಂತ ಬಂದ 74 ಜನರಲ್ಲಿ ತಪ್ಪಿಹೋಗುವವರು ಇಬ್ಬರೇ. ಹಾಗಾಗಿ ಈ ಟೆಸ್ಟ್‌ಗಳ 'ಇಲ್ಲ'ವನ್ನು ನಾನು ಜಾಸ್ತಿ ನಂಬುತ್ತೇನೆ, 'ಹೌದು' ಅಂದರೆ ಇನ್ನೊಮ್ಮೆ ನೋಡುತ್ತೇನೆ.

ಆಮೇಲೆ ಆ ಬಾವುಟ ನೋಡಿ ನಾವು ಏನು ಮಾಡುತ್ತೇವೆ ಅನ್ನುವುದೂ ಮುಖ್ಯ. ಇನ್ನೊಂದು ಸಲ ಕೂರಿಸುವುದು, ಸ್ಪೈರೋಮೀಟರ್‌ನಲ್ಲಿ ಇನ್ನಷ್ಟು ಸಲ ಉಸಿರೆಳೆಸುವುದು, ಫಿಸಿಯೋಥೆರಪಿಸ್ಟ್ ಎರಡು ಸಲ ಜಾಸ್ತಿ ಬರುವುದು, ನೋವಿನ ಔಷಧ ಸರಿಯಾದ ಹೊತ್ತಿಗೆ ಕೊಡುವುದು. ಬಾವುಟ ಸುಳ್ಳಾಗಿದ್ದರೂ ಇದರಿಂದ ಯಾರಿಗೂ ನಷ್ಟ ಇಲ್ಲ. ಅದೇ ಬಾವುಟ ನೋಡಿ ಬೇಡದ ಆಂಟಿಬಯೋಟಿಕ್ ಹಾಕಿದರೆ, ಆ 18 ಜನರ ಕಿಡ್ನಿ, ಹೊಟ್ಟೆ ಎಲ್ಲಾ ಅದರ ಬೆಲೆ ತೆರಬೇಕಾಗುತ್ತದೆ. ಆರೈಕೆ ಹೆಚ್ಚಿಸಲು ನಾನು ಅರೆಬರೆ ಟೆಸ್ಟನ್ನೂ ಒಪ್ಪುತ್ತೇನೆ. ಔಷಧ ಹೆಚ್ಚಿಸಲು ಒಪ್ಪುವುದಿಲ್ಲ.

ಎನ್‌ಟಿ-ಪ್ರೊಬಿಎನ್‌ಪಿ ಹೃದಯದ ಗೋಡೆ ಹಿಗ್ಗಿದಾಗ ಬರುವ ವಸ್ತು. ಶ್ವಾಸಕೋಶದ ಟೆಸ್ಟ್‌ಗಳ ಸಾಲಿನಲ್ಲಿ ಇದಕ್ಕೇನು ಕೆಲಸ ಅಂತ ಕೇಳಬಹುದು. ಸೋತ ಹೃದಯದ ಹಿಂದೆ ಒತ್ತಡ ಏರಿ ನೀರು ನಿಲ್ಲುವುದು ಶ್ವಾಸಕೋಶದಲ್ಲೇ ತಾನೆ? ಆಪರೇಷನ್‌ಗೆ ಮೊದಲೇ ಇದು ತುಂಬಾ ಜಾಸ್ತಿ ಇದ್ದವರು ವೆಂಟಿಲೇಟರ್‌ನಿಂದ ನಿಧಾನವಾಗಿ ಹೊರಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹಾಗಾಗಿ ಮೊದಲೇ ಮಾಡಿಸಿದ ಒಂದು ರಿಪೋರ್ಟ್ ಫೈಲ್‌ನಲ್ಲಿದ್ದರೆ ನನಗೆ ಖುಷಿ. ನಂತರದ್ದು ಗೊಂದಲ. ಹೃದಯವನ್ನೇ ಕೊಯ್ದು ಹೊಲಿದ ಮೇಲೆ ಎಲ್ಲರಲ್ಲೂ ಏರುತ್ತದೆ. 50 ವರ್ಷದ ಒಳಗಿನವರಿಗೆ 450, 75 ದಾಟಿದವರಿಗೆ 1800 ಅನ್ನುವ ಮಿತಿಗಳು ಉಸಿರು ಕಟ್ಟಿ ಕ್ಯಾಶುವಲ್ಟಿಗೆ ಬಂದವರಿಗಾಗಿ ಮಾಡಿದ್ದು. ಅವನ್ನು ತಂದು ನಿನ್ನೆ ಆಪರೇಷನ್ ಆದವರಿಗೆ ಹಚ್ಚಬಾರದು. ಕಿಡ್ನಿ ದುರ್ಬಲ ಇದ್ದರೆ ಏರುತ್ತದೆ, ದಪ್ಪ ಇರುವವರಲ್ಲಿ ಕಡಿಮೆ ತೋರುತ್ತದೆ. ಆಪರೇಷನ್‌ಗೆ ಮೊದಲು ಮಾಡಿಸಿದರೆ ಮೂರೂವರೆ, ನಂತರ ಎರಡು.

ಉರಿಯೂತದ ಸುದ್ದಿ ಹೊರುವ ಪ್ರೋಟೀನ್ ಇಂಟರ್‌ಲ್ಯೂಕಿನ್-6 ಇವೆಲ್ಲಕ್ಕಿಂತ ಬೇಗ ಏರುತ್ತದೆ. ಯಂತ್ರ ನಿಂತ ಕೆಲವೇ ಗಂಟೆಗಳಲ್ಲಿ ತುದಿಯಲ್ಲಿರುತ್ತದೆ. ಸಿಆರ್‌ಪಿ ತಯಾರಿಸು ಅಂತ ಲಿವರ್‌ಗೆ ಹೇಳುವುದೂ ಇದೇ. ಬೇಗ ಏರುವುದು ಒಳ್ಳೆಯ ಗುಣ. ಆದರೆ ಬೇಗ ಗೊತ್ತಾದ ಮೇಲೆ ಏನು ಮಾಡುತ್ತೀರಿ ಅಂದರೆ ಉತ್ತರ ಇಲ್ಲ. ಉರಿಯೂತ ತಗ್ಗಿಸಿದರೆ ಎಲ್ಲಾ ಸರಿಹೋಗುತ್ತದೆ ಅಂತ ದೊಡ್ಡ ಪ್ರಯೋಗಗಳು ನಡೆದವು. 2015ರಲ್ಲಿ ಪ್ರಕಟವಾದ ಒಂದರಲ್ಲಿ 7,507 ಜನರಿದ್ದರು. ಆಪರೇಷನ್ ವೇಳೆ ಸ್ಟೀರಾಯ್ಡ್ ಕೊಟ್ಟರೂ ಸಾವು ಕಡಿಮೆ ಆಗಲಿಲ್ಲ. ಅದಕ್ಕೂ ಮೊದಲು, 2012ರಲ್ಲಿ, ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್ ಕೊಟ್ಟು ನೋಡಿದ 4,494 ಜನರ ಪ್ರಯೋಗದ ಮುಖ್ಯ ಉತ್ತರವೂ ಇಲ್ಲ ಅಂತಲೇ ಬಂತು, ನ್ಯುಮೋನಿಯಾ ಮಾತ್ರ ಸ್ವಲ್ಪ ಕಡಿಮೆ ಇತ್ತು. ಇದಕ್ಕೆ ಎರಡು ಅಂಕ.

ಈಗ ಸಂಶೋಧಕರು ಹೆಚ್ಚು ಮಾತಾಡುವ ಪ್ರೋಟೀನ್‌ಗಳ ಗುಂಪು. ಎಸ್‌ರೇಜ್, ಸರ್ಫ್ಯಾಕ್ಟೆಂಟ್ ಪ್ರೋಟೀನ್-ಡಿ, ಸಿಸಿ16, ಆಂಜಿಯೋಪೊಯೆಟಿನ್-2. ನನಗೆ ಇವುಗಳ ಮೇಲೆ ನಿಜವಾದ ಆಸೆ ಇದೆ, ಯಾಕೆಂದರೆ ಇವುಗಳಲ್ಲಿ ಹೆಚ್ಚಿನವು ಶ್ವಾಸಕೋಶದ ಮನೆಯೊಳಗಿಂದಲೇ ಬರುವ ಸುದ್ದಿ. ಗಾಳಿ ಚೀಲದ ಒಳಮೈಯ ಸುಮಾರು ಶೇಕಡಾ 95 ಭಾಗವನ್ನು ತೆಳ್ಳಗಿನ ಒಂದು ಬಗೆಯ ಜೀವಕೋಶ ಹೊದ್ದಿರುತ್ತದೆ. ಅದರ ಮೈಮೇಲೆ ರೇಜ್ ಅನ್ನುವ ಪ್ರೋಟೀನ್ ತುಂಬಾ ಇರುತ್ತದೆ. ಆ ಪದರಕ್ಕೆ ಗಾಯವಾದರೆ ಅದರ ತುಣುಕು ರಕ್ತಕ್ಕೆ ಸೇರುತ್ತದೆ. ಅದೇ ಎಸ್‌ರೇಜ್. ಆಂಜಿಯೋಪೊಯೆಟಿನ್-2 ರಕ್ತನಾಳದ ಒಳಗೋಡೆಯಿಂದ ಬರುತ್ತದೆ, ಸೋರುವ ನಾಳಗಳ ಕುರುಹು. ಮೂಳೆ ಸೀಳಿದ್ದು, ಕಾಲು ಕೊಯ್ದದ್ದು ಎಸ್‌ರೇಜ್‌ಗೆ ಅಷ್ಟಾಗಿ ತಟ್ಟುವುದಿಲ್ಲ ಅನ್ನುವುದೇ ದೊಡ್ಡ ವಿಷಯ. ಸಿಸಿ16 ಸಣ್ಣ ಪ್ರೋಟೀನ್, ಕಿಡ್ನಿಯ ಮೂಲಕ ಹೋಗುತ್ತದೆ. ಹಾಗಾಗಿ ಕಿಡ್ನಿ ಸುಸ್ತಾದರೆ ಅದರ ಸಂಖ್ಯೆ ಕೆಡುತ್ತದೆ.

ಆದರೆ ರಿಪೋರ್ಟ್ ಯಾವಾಗ ಬರುತ್ತದೆ? ಹೆಚ್ಚಾಗಿ ಇವುಗಳನ್ನು ಮಾಡುವುದು 96 ಗುಳಿಗಳ ಎಲೈಸಾ ಪ್ಲೇಟಿನಲ್ಲಿ. ಪ್ಲೇಟ್ ತುಂಬುವಷ್ಟು ಸ್ಯಾಂಪಲ್ ಸೇರುವವರೆಗೆ ಫ್ರೀಜರ್‌ನಲ್ಲಿ ಇಟ್ಟು, ಆಮೇಲೆ ಎಲ್ಲವನ್ನೂ ಒಟ್ಟಿಗೆ ಓಡಿಸುತ್ತಾರೆ. ನಮ್ಮಲ್ಲಿ ಒಂದು ಸಂಶೋಧನೆಗೆ ಇಂಥ ಸ್ಯಾಂಪಲ್‌ಗಳನ್ನು ತೆಗೆದು ಕೊಟ್ಟಿದ್ದೇನೆ. ಫಲಿತಾಂಶ ಬರುವ ಹೊತ್ತಿಗೆ ಆ ರೋಗಿಗಳೆಲ್ಲ ಮನೆಗೆ ಹೋಗಿಯಾಗಿತ್ತು. ಹೃದಯದ ಸ್ನಾಯುವಿನ ಗಾಯ ತೋರಿಸುವ ಟ್ರೋಪೋನಿನ್ ಟೆಸ್ಟ್ ಹಾಗೆ ಒಂದು ಗಂಟೆಯೊಳಗೆ ಎಸ್‌ರೇಜ್ ಉತ್ತರ ಕೊಡುವ ಯಂತ್ರ ಪ್ರತಿ ಐಸಿಯುಗೆ ಬರಬೇಕು. ಬಂದ ದಿನ ಈ ವಿಮರ್ಶೆಯನ್ನು ಮತ್ತೆ ಬರೆಯುತ್ತೇನೆ. ಇವತ್ತಿಗೆ ಅಂಕ ಕೊಡುವುದು ನ್ಯಾಯ ಅಲ್ಲ.

ಹಳೆಯ ಟೆಸ್ಟ್‌ಗಳಿಗೆ ಸಿಗಬೇಕಾದ ಮರ್ಯಾದೆ ಸಿಗುತ್ತಿಲ್ಲ ಅನ್ನುವುದು ನನ್ನ ದೂರು. ಆಪರೇಷನ್‌ಗೆ ಮೊದಲು ರಕ್ತದ ಆಲ್ಬುಮಿನ್ ಪ್ರೋಟೀನ್ ಡೆಸಿಲೀಟರ್‌ಗೆ 3.5 ಗ್ರಾಂಗಿಂತ ಕಡಿಮೆ ಇದ್ದರೆ, ಹಿಮೋಗ್ಲೋಬಿನ್ ಕಡಿಮೆ ಇದ್ದರೆ, ನಾನು ಆ ಹಾಸಿಗೆಯ ಪಕ್ಕ ಮೊದಲೇ ಸ್ಪೈರೋಮೀಟರ್ ತಂದಿಡುತ್ತೇನೆ. ಕೆಮ್ಮಲು ಮಾಂಸಖಂಡಕ್ಕೆ ಶಕ್ತಿ ಬೇಕು. ಅದು ಇಲ್ಲದವರ ಸುಳಿವು ಇಲ್ಲಿ ಸಿಗುತ್ತದೆ. ಹಿಮೋಗ್ಲೋಬಿನ್ ಕಡಿಮೆ ಇದ್ದವರಿಗೆ ರಕ್ತ ಕೊಡಬೇಕಾಗುತ್ತದೆ. ರಕ್ತ ಕೊಟ್ಟ ಆರು ಗಂಟೆಯೊಳಗೆ ಶ್ವಾಸಕೋಶಕ್ಕೆ ಗಾಯವಾಗುವ ಟ್ರಾಲಿ ಅನ್ನುವ ತೊಂದರೆ ಅಪರೂಪ, ಆದರೆ ಇದೆ. ಎರಡು ಬಗೆಯ ಬಿಳಿ ರಕ್ತಕಣಗಳ ನ್ಯೂಟ್ರೋಫಿಲ್-ಲಿಂಫೋಸೈಟ್ ಅನುಪಾತ, ರಕ್ತಕಣಗಳನ್ನು ಎಣಿಸುವ ಸಿಬಿಸಿ ಟೆಸ್ಟ್ ಜೊತೆಗೇ ಸಿಗುತ್ತದೆ, ಸ್ಟೀರಾಯ್ಡ್ ಕೊಟ್ಟ ದಿನ ಅದರ ಕಥೆ ಮುಗಿಯಿತು.

ಆರ್ಟರಿಯ ರಕ್ತದಲ್ಲಿ ಆಕ್ಸಿಜನ್‌ನಂಥ ಅನಿಲಗಳನ್ನು ಅಳೆಯುವ ಎಬಿಜಿಗೆ ಮಾತ್ರ ನನ್ನ ಐದಕ್ಕೆ ಐದು. ಆಕ್ಸಿಜನ್ ಒತ್ತಡವನ್ನು ನಾವು ಕೊಡುತ್ತಿರುವ ಆಕ್ಸಿಜನ್ ಪಾಲಿನಿಂದ ಭಾಗಿಸಿ. ಒತ್ತಡ 80 ಬಂದು, ಕೊಡುತ್ತಿರುವುದು ಅರ್ಧ ಪಾಲು ಆಗಿದ್ದರೆ 160. ಎಆರ್‌ಡಿಎಸ್ ವ್ಯಾಖ್ಯೆಯಲ್ಲಿ 300, 200, 100 ಅನ್ನುವ ಮೆಟ್ಟಿಲುಗಳು ಇದರದ್ದೇ. ಇದು ಭವಿಷ್ಯ ಹೇಳುವ ಟೆಸ್ಟ್ ಅಲ್ಲ ಅಂತ ಕೆಲವರು ಅನ್ನುತ್ತಾರೆ. ಥಿಯೇಟರ್‌ನಿಂದ ಬಂದಾಗ 320, ನಾಲ್ಕು ಗಂಟೆ ಬಿಟ್ಟು 260, ಮತ್ತೆ ನಾಲ್ಕು ಗಂಟೆಗೆ 210 ಅಂತ ಬರುತ್ತಿದ್ದರೆ ಅದಕ್ಕಿಂತ ಸ್ಪಷ್ಟ ಮುನ್ಸೂಚನೆ ಬೇರೆ ಬೇಕಾ? ಉತ್ತರ ಎರಡು ಮೂರು ನಿಮಿಷದಲ್ಲಿ ನನ್ನ ಕೈಯಲ್ಲಿ. ಮೈಗೆ ಆಕ್ಸಿಜನ್ ಸಾಲದಿದ್ದಾಗ ಏರುವ ಲ್ಯಾಕ್ಟೇಟನ್ನೂ ಅದೇ ಯಂತ್ರ ಕೊಡುತ್ತದೆ. ಅಡ್ರಿನಲಿನ್ ಡ್ರಿಪ್ ಓಡುತ್ತಿದ್ದರೆ ಅದರಿಂದಲೇ ಲ್ಯಾಕ್ಟೇಟ್ ಏರಬಹುದು ಅನ್ನುವುದನ್ನು ಮರೆಯಬಾರದು.

ಸ್ಯಾಂಪಲ್ ತೆಗೆಯುವವರಿಗೆ ಒಂದೆರಡು ಮಾತು. ಆರ್ಟರಿ ಲೈನ್‌ನಿಂದ, ಅಂದರೆ ಆರ್ಟರಿಯೊಳಗೆ ಇಟ್ಟಿರುವ ಸಣ್ಣ ಕೊಳವೆಯಿಂದ ತೆಗೆಯುವಾಗ ಲೈನ್‌ನೊಳಗಿನ ನೀರು ಬೆರೆತ ರಕ್ತ ಟ್ಯೂಬ್‌ಗೆ ಬರಬಾರದು, ಎಲ್ಲಾ ಸಂಖ್ಯೆಗಳೂ ಸುಳ್ಳಾಗುತ್ತವೆ. ಆ ರಕ್ತವನ್ನು ಎಸೆಯದೆ ರೋಗಿಗೇ ಹಿಂದಿರುಗಿಸುವ ಮುಚ್ಚಿದ ಸೆಟ್ ಇದ್ದರೆ ಅದನ್ನೇ ಬಳಸಿ. ಸಣ್ಣ ಟ್ಯೂಬ್ ಸಾಕಾಗುವ ಕಡೆ ದೊಡ್ಡದು ಬೇಡ. ದಿನಕ್ಕೆ ಇಂಥ ನಾಲ್ಕು ಟೆಸ್ಟ್ ಅಂತ ರಕ್ತ ತೆಗೆದು ತೆಗೆದು ಹಿಮೋಗ್ಲೋಬಿನ್ ಇಳಿಸಿ, ಆಮೇಲೆ ರಕ್ತ ಕೊಟ್ಟು ಶ್ವಾಸಕೋಶಕ್ಕೇ ಅಪಾಯ ತರುವುದು ಯಾರಿಗೂ ಬೇಡ.

ಆಪರೇಷನ್‌ಗೆ ಹೋಗುವವರು, ಅವರ ಮನೆಯವರು ಓದುತ್ತಿದ್ದರೆ: ಕೂದಲು, ಉಗುರು ಚೆನ್ನಾಗಿರಲಿ ಅಂತ ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ದಯವಿಟ್ಟು ಮೊದಲೇ ಹೇಳಿ. ಹೆಚ್ಚಿನ ಪ್ರಮಾಣದ ಬಯೋಟಿನ್ ಕೆಲವು ಯಂತ್ರಗಳಲ್ಲಿ ಟ್ರೋಪೋನಿನ್, ಪ್ರೊಕ್ಯಾಲ್ಸಿಟೋನಿನ್‌ನಂಥ ಟೆಸ್ಟ್‌ಗಳನ್ನು ಸುಳ್ಳಾಗಿ ಕಡಿಮೆ ತೋರಿಸುತ್ತದೆ. ಅಮೆರಿಕದ ಎಫ್‌ಡಿಎ 2017ರಲ್ಲಿ ಬಯೋಟಿನ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಔಷಧಗಳ ಪಟ್ಟಿ ಕೇಳಿದಾಗ ಯಾರೂ ಇದನ್ನು ಔಷಧ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ಈಗ ನಾನೇ ಹೆಸರು ಹಿಡಿದು ಕೇಳುತ್ತೇನೆ.